ಅಳುವ ಬ್ರೇಕು

ಆಗಸ್ಟ್ 24, ಭಾನುವಾರ

ಅಂಗನವಾಡಿಯಲ್ಲಿ ದಿನಾ ಹತ್ತು ರಿಜಿಸ್ಟರ್ ತುಂಬುವವಳಿಗೆ ಇದು ಹನ್ನೊಂದನೆಯದು. ಇದರಲ್ಲಿ ಮಕ್ಕಳ ತೂಕ, ತತ್ತಿಯ ಲೆಕ್ಕ ಇರುವುದಿಲ್ಲ. ಮನಸ್ಸಿಗೆ ಬಂದದ್ದು ಬರೆಯುತ್ತೇನೆ. ಯಾರೂ ಓದುವುದಿಲ್ಲ ಎಂಬ ಧೈರ್ಯ. ನಮ್ಮ ಮನೆಯವರು ಡಾಕ್ಟರ ಚೀಟಿ ಬಿಟ್ಟರೆ ಬೇರೆ ಏನನ್ನೂ ಓದಿದ್ದು ನಾನಂತೂ ಕಾಣೆ.

ಇವರ ಸೈಕಲ್ ಹುಚ್ಚಿಗೆ ವರ್ಷ ತುಂಬಿತು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ದಿನಾ ನಡೆಯಿರಿ ಅಂದರು, ಇವರು ಹೋಗಿ ತೆಳು ಗಾಲಿಯ ರೇಸ್ ಸೈಕಲ್ ತಂದರು. ರೋಣದ ಬಸ್‌ಸ್ಟ್ಯಾಂಡ್ ಎದುರು ಇಪ್ಪತ್ತು ವರ್ಷ ಔಷಧ ಅಂಗಡಿ ನಡೆಸಿದ ನಿಂಗರಾಜ, ನಲವತ್ತೇಳನೆಯ ವಯಸ್ಸಿನಲ್ಲಿ ಮೈಗಂಟಿದ ಚಡ್ಡಿ ಹಾಕಿಕೊಂಡು ಓಣಿಯಲ್ಲಿ ಹೊರಟ ಮೊದಲ ದಿನ, ಪಕ್ಕದ ಮನೆಯ ಮಾನವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಾನೂ ಓಡುತ್ತಿದ್ದೆ, ಆದರೆ ಗಂಡ ನನ್ನವನೇ.

ಹುಚ್ಚು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹುಚ್ಚರಿಗೆ ಇರಬೇಕಾದ ಧೈರ್ಯ ಇವರಿಗಿಲ್ಲ. ನಾನು ಗ್ಯಾಸಿನ ಗುಂಡಿ ಬಂದ್ ಮಾಡಿದ ಮೇಲೂ ಎದ್ದು ಹೋಗಿ ಮುಟ್ಟಿ ನೋಡಿಯೇ ಮಲಗುತ್ತಾರೆ. ಇಳಿಜಾರು ಬಂದರೆ ಮೇಲೆಯೇ ನಿಂತು, ಎರಡೂ ಬ್ರೇಕು ಹಿಡಿದು, ಸೈಕಲ್ಲನ್ನು ಮುಂದಕ್ಕೆ ಹಿಂದಕ್ಕೆ ಜಗ್ಗಿ ನೋಡಿ, ಆಮೇಲೆ ಇಳಿಯುತ್ತಾರಂತೆ. ಜೊತೆಗೆ ಹೋಗುವವರು ‘ಬ್ರೇಕ್ ನಿಂಗಣ್ಣ’ ಎಂದು ಹೆಸರಿಟ್ಟಿದ್ದಾರೆ. ಹೇಳಿದವನು ಜಹೀರ, ಸೈಕಲ್ ಅಂಗಡಿಯ ಜಮಾಲಸಾಬರ ಮಗ. ಅವನೂ ಆ ಗುಂಪಿನವನೇ. ನನಗೂ ನಗು ತಡೆಯಲಾಗಲಿಲ್ಲ. ನಾನು ಮೆಣಸಗಿಯವಳು. ಹೊಳೆಯ ನೀರು ಹೊಸ್ತಿಲಿಗೆ ಬಂದರೂ ನಮ್ಮ ಕಡೆಯವರು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿಯೇ ಏಳುವವರು.

ಆಗಸ್ಟ್ 31, ಭಾನುವಾರ

ಇವತ್ತು ಇವರು ಬಿದ್ದರು. ಬಿದ್ದರು ಅನ್ನುವುದಕ್ಕಿಂತ ಉಳಿದರು ಅನ್ನಬೇಕು.

ನರಗುಂದದ ಕಡೆ ಹೋಗಿದ್ದರು. ಜಿಟಿಜಿಟಿ ಮಳೆ. ಬೆಳವಣಕಿ ಹತ್ತಿರ ಮುಂದೆ ಹೊರಟಿದ್ದ ಹೆಸರುಕಾಳಿನ ಚೀಲ ಹೇರಿದ ಟ್ರ್ಯಾಕ್ಟರು ಒಮ್ಮೆಲೇ ನಿಂತಿತು. ಇವರ ಬ್ರೇಕಿನಲ್ಲಿ ಎರಡು ರಬ್ಬರಿನ ತುಂಡು ಗಾಲಿಯ ಅಂಚನ್ನು ಹಿಡಿಯುತ್ತವೆ. ಅಂಚು ನೀರಾಗಿತ್ತು, ಮೇಲೆ ಎರೆಮಣ್ಣಿನ ಕೆಸರು. ಹಿಡಿದರೂ ಜಾರಿತು. ಕಾಲು ನೆಲಕ್ಕೆ ಊರಿ ಎಳೆದುಕೊಂಡು ಹೋಗಿ ಟ್ರೇಲರಿಗೆ ಭುಜ ಬಡಿದು ನಿಂತರು. ಬೂಟಿನ ಅಟ್ಟೆ ಸವೆದು ಕಾಲುಚೀಲ ಕಾಣುತ್ತಿತ್ತು.

ಮನೆಗೆ ಬಂದು ಕಟ್ಟೆಯ ಮೇಲೆ ಕೂತವರು ಚಹಾ ಮುಟ್ಟಲಿಲ್ಲ.

“ನೀಲಾ, ನಾ ಹಿಡದಿದ್ದೆ. ಎರಡೂ ಕೈಲೆ ಹಿಡದಿದ್ದೆ. ಅದು ನಿಂದರಲೇ ಇಲ್ಲ.”

“ನಿಂದರಲಿಲ್ಲಂದ್ರ ನೀವಿಲ್ಲಿ ಹ್ಯಾಂಗ ಕುಂತೀರಿ? ಕಡೀಕ ನಿಂತೈತಲ್ಲ” ಅಂದೆ.

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಭುಜಕ್ಕೆ ಅರಿಶಿನ ಹಚ್ಚುವಾಗ ಮತ್ತೆ ಅದನ್ನೇ ಅಂದರು, ಹಿಡದಿದ್ದೆ, ಹಿಡದಿದ್ದೆ ಅಂತ. ಅಂಜುಬುರುಕರಿಗೆ ಒಂದು ನೆಪ ಸಿಕ್ಕರೆ ಸಾಕು.

ಸೆಪ್ಟೆಂಬರ್ 4, ಗುರುವಾರ

ಸಂಜೆ ಜಹೀರ ಮನೆಗೆ ಬಂದಿದ್ದ. ಸೈಕಲ್ ತಿರುಗಿಸಿ ಇಟ್ಟು ಗಾಲಿ ಸುತ್ತಿಸಿ ನೋಡಿದ.

“ರಬ್ಬರ್ ಬದಲಿ ಮಾಡಿದ್ರ ಒಂದೀಟ ಚಲೋ ಆಕ್ಕೈತ್ರಿ ಅಣ್ಣಾರ. ಆದ್ರ ನಮ್ಮ ಎರಿ ಕೆಸರಿಗೆ ಅದೂ ಭಾಳ ದಿನ ತಡಿಯೂದಿಲ್ಲ. ಅಂಚ ಹಿಡಿಯೂದ ಬಿಟ್ಟುಬಿಡೂಣು. ಗಾಲಿ ನಡುವ ಉಕ್ಕಿನ ತಟ್ಟಿ ಇರತೈತಿ, ಅದನ್ನ ಹಿಡಿಯೂ ಬ್ರೇಕ್ ಹಾಕೂಣು. ಕೆಸರ ಅಲ್ಲೀತನ ಏರೂದಿಲ್ಲ. ಮಳ್ಯಾಗೂ ಗಕ್ಕನ ನಿಂದರತೈತಿ.”

“ಗಕ್ಕನ?” ಇವರ ಮುಖ ನೋಡಬೇಕಿತ್ತು. ಹೆಣ್ಣು ನೋಡಲು ಬಂದ ದಿನವೂ ಅಷ್ಟು ಅರಳಿರಲಿಲ್ಲ.

ಹಳೆಯ ಫ್ರೇಮಿಗೆ ಅದು ಕೂರುವುದಿಲ್ಲವಂತೆ. ಹುಬ್ಬಳ್ಳಿಯಿಂದ ಬೇರೆ ಫ್ರೇಮು ತರಿಸಬೇಕಂತೆ. ಅಂದರೆ ನಿಲ್ಲುವುದಕ್ಕಾಗಿ ಇಡೀ ಸೈಕಲ್ಲನ್ನೇ ಬದಲಿಸುವುದು. ನಾನು ಅಂದೆ: “ಅಷ್ಟ ನಿಂದರೂದ ಇದ್ರ ಮನ್ಯಾಗ ನಿಂದರ್ರಿ.” ಜಹೀರ ನಕ್ಕ. ಇವರು ನಕ್ಕರೋ ಇಲ್ಲವೋ ನೋಡಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ಹುಬ್ಬಳ್ಳಿಯಿಂದ ಫ್ರೇಮು, ಹೊಸ ಬ್ರೇಕು ಬಂದವು. ಜಹೀರ ಮಧ್ಯಾಹ್ನದಿಂದ ನಮ್ಮ ಪಡಸಾಲೆಯಲ್ಲೇ ಕೂತು ಹಾಕಿದ. ಹಪ್ಪಳದಷ್ಟು ತೆಳು ತಟ್ಟೆ, ಮೈತುಂಬ ತೂತು. ಅದನ್ನು ಎರಡು ಕಡೆಯಿಂದ ಸಣ್ಣ ಪ್ಯಾಡುಗಳು ಹಿಡಿಯುತ್ತವೆ.

ಕೈಗೆ ಬಟ್ಟೆ ಸುತ್ತಿಕೊಂಡೇ ತಟ್ಟೆ ಎತ್ತಿದ. “ಇದಕ್ಕ ಬೆರಳ ಸುದ್ದಾ ಹಚ್ಚಬಾರ್ದ್ರಿ ಅಣ್ಣಾರ. ಮೈ ಜಿಡ್ಡೂ ತಾಗಬಾರ್ದು” ಎಂದು ಇವರಿಗೆ ಹೇಳುತ್ತಿದ್ದ. ನಮ್ಮ ಅತ್ತೆಯ ದೇವರ ಕೋಣೆಗೂ ಇಷ್ಟು ಮಡಿ ಇರಲಿಲ್ಲ. ಇನ್ನೂ ಏನೇನೋ ಹೇಳಿದ, ನಾನು ಚಹಾ ಇಡಲು ಒಳಗೆ ಬಂದೆ.

ಕೆಲಸ ಮುಗಿದ ಮೇಲೆ ಅಂಗಳಕ್ಕೆ ಬಕೀಟು ನೀರು ಸುರಿದು ಇವರನ್ನು ಹತ್ತಿಸಿ ಬಿಟ್ಟ. ಗೋಡೆಗೆ ಮೊಳ ದೂರದಲ್ಲಿ ಗಕ್ಕನೆ ನಿಂತಿತು. ಜಹೀರ ತನ್ನ ಕೈ ತಾನೇ ನೋಡಿಕೊಂಡು ನಕ್ಕ. ಒಳ್ಳೆಯ ಹುಡುಗ. ಅಂಗಡಿಯ ಕೆಲಸ ಅವನಿಗೆ ಹೊಟ್ಟೆಪಾಡು ಅಷ್ಟೇ ಅಲ್ಲ.

ಸೆಪ್ಟೆಂಬರ್ 14, ಭಾನುವಾರ

ಅಯ್ಯೋ ದೇವರೇ, ಆ ಸದ್ದು!

ಒಣಗಿದ್ದಾಗ ಬಾಯಿಲ್ಲ. ನೀರು ಬಿತ್ತೋ, ಬ್ರೇಕು ಹಿಡಿದರೆ ಓಣಿಯ ಮೂಲೆಯಿಂದ ಬಾಗಿಲವರೆಗೆ ಕಿರುಚುತ್ತದೆ. ನಸುಕಿನಲ್ಲಿ ಹೋಗಿ ಬೆಳಕು ಹರಿದ ಮೇಲೆ ವಾಪಸ್ ಬಂದರು, ಮಾನವ್ವನ ಮನೆಯ ತೊಟ್ಟಿಲ ಕೂಸು ಕಿಟಾರನೆ ಚೀರಿ ಎದ್ದಿತು. ಮಾನವ್ವ ಗೋಡೆಯ ಮೇಲೆ ಮುಖ ಇಟ್ಟು, “ನೀಲವ್ವಾ, ನಿಮ್ಮನಿಯವ್ರು ಸೈಕಲ್ ತಂದಾರೋ ನವಿಲ ತಂದಾರೋ?” ಅಂದಳು.

ಜಹೀರನಿಗೆ ಫೋನ್ ಮಾಡಿದರೆ, ಮಳೆಯಲ್ಲಿ ಅದು ಹಾಗೆಯೇ, ಕೂಗಿದರೆ ಹಿಡಿಯುತ್ತಿದೆ ಅಂತ ಅರ್ಥ, ಕೂಗಲಿ ಬಿಡ್ರಿ ಅಂದನಂತೆ. ಇವರಿಗೆ ಅಷ್ಟೇ ಬೇಕಿತ್ತು.

ಸೆಪ್ಟೆಂಬರ್ 21, ಭಾನುವಾರ

ಗಜೇಂದ್ರಗಡದ ಗುಡ್ಡ ಹತ್ತಿ ಇಳಿದು ಬಂದರು. ಗಾಳಿಯಂತ್ರಗಳು ನಿಂತಿರುವ ಆ ಗುಡ್ಡದಿಂದ ಕೆಳಗೆ ನೋಡಿದರೆ ನನಗೇ ಕಾಲು ಜುಮ್ಮೆನ್ನುತ್ತದೆ, ಖುಷಿಗೆ. ಇವರು ಮೇಲೆಯೇ ನಿಂತು, ಜಗ್ಗಿ, ಮತ್ತೆ ನಿಂತು, ಮತ್ತೆ ಜಗ್ಗಿ, ಎಲ್ಲರೂ ಕೆಳಗೆ ಮಿರ್ಚಿ ಭಜಿ, ಚಹಾ ಮುಗಿಸಿದ ಮೇಲೆ ಬಂದರಂತೆ. ಇದನ್ನು ನನಗೆ ಹೇಳಿದ್ದು ಪೇಟೆಯಲ್ಲಿ ಸಿಕ್ಕ ಗುಂಪಿನ ಒಬ್ಬಾತ. ಹೇಳಿ ನಕ್ಕ. ಅವನ ಎದುರು ನಾನೂ ನಕ್ಕೆ. ಮನೆಗೆ ಬರುವಾಗ ಮೈಯೆಲ್ಲ ಉರಿಯಿತು. ನಾಲ್ಕು ಜನ ನನ್ನ ಗಂಡನಿಗೆ ನಗುವುದು ನನಗೆ ಸೇರುವುದಿಲ್ಲ. ನಾನು ನಗುವುದು ಬೇರೆ.

ಸೆಪ್ಟೆಂಬರ್ 27, ಶನಿವಾರ

ಮೂರು ದಿನದಿಂದ ಹಿಂಗಾರಿ ಬಿಟ್ಟೂಬಿಡದೆ ಹಿಡಿದಿದೆ. ಮೆಣಸಗಿಯಿಂದ ಅಣ್ಣ ಹೊಳಿಯಪ್ಪನ ಫೋನು: ಮಲಪ್ರಭೆ ಹೊಲದ ಬದುವಿಗೆ ಬಂದಿದ್ದಾಳೆ. “ಇನ್ನೇನ ನಿಂತಾಳ ತಂಗಿ, ಗಾಬರಿ ಆಗಬ್ಯಾಡ” ಅಂದ. ಅವನ ದನಿಯಲ್ಲೇ ಗಾಬರಿ ಇತ್ತು.

ಇಂಥ ಮಳೆಯಲ್ಲೂ ಇವರು ಹೋದರು. ಹೊಸ ಬ್ರೇಕಿನ ಧೈರ್ಯ. ಬರುವುದು ತಡವಾಯಿತು. ಚಹಾಕ್ಕೆ ಇಟ್ಟು ಕುದಿಸಿ ಚೆಲ್ಲಿದೆ, ಮತ್ತೆ ಇಟ್ಟೆ. ಹಾಲು ಕೆಟ್ಟಿತ್ತೇನೋ. ಬಾಗಿಲಿಗೆ ಬಂದೆ, ಹೋದೆ, ಅಂಗಳ ಎರಡು ಸಲ ಗುಡಿಸಿದೆ, ಮಳೆಯಲ್ಲಿ. ಆಮೇಲೆ ಮೂಲೆಯಲ್ಲಿ ಆ ಹಾಳು ಕಿರುಚು, ಅದರ ಹಿಂದೆಯೇ ಮಾನವ್ವನ ಕೂಸಿನ ಅಳು. ಕೂಸು ಎದ್ದಿತು ಅಂದರೆ ಇವರು ಬಂದರು ಅಂತ ಈಗ ಓಣಿಗೆಲ್ಲ ಲೆಕ್ಕ. ಒಳಗೆ ಹೋಗಿ ಚಹಾಕ್ಕೆ ಇಟ್ಟೆ.

ಈ ಸದ್ದಿಗೆ ಏನಾದರೂ ಮಾಡಬೇಕು. ತಲೆ ಚಿಟ್ಟು ಹಿಡಿದಿದೆ.

ಸೆಪ್ಟೆಂಬರ್ 30, ಮಂಗಳವಾರ

ಮಾನವ್ವ ಇವತ್ತು ನಗಲಿಲ್ಲ. “ಕೂಸಿಗೆ ನಾಕ ದಿನದಿಂದ ಜ್ವರ ಅದಾವ. ಈಗೀಗ ಕಣ್ಣ ಮುಚ್ಚತೈತಿ, ಅಷ್ಟರಾಗ ನಿಮ್ಮ ಸೈಕಲ್ಲು. ಹಬ್ಬದ ದಿನಾನರ ಸುಮ್ಮನಿರಸ್ರಿ” ಎಂದು ಹೇಳಿ ಉತ್ತರಕ್ಕೂ ನಿಲ್ಲದೆ ಹೋದಳು. ನನಗೆ ನಾಚಿಕೆಯಾಯಿತು.

ಅಕ್ಟೋಬರ್ 1, ಬುಧವಾರ, ಖಂಡೇನವಮಿ

ಇವರು ಅಂಗಡಿಯ ಪೂಜೆಗೆ ಹೋದರು, ಮನೆಯದು ನನ್ನದು. ಕುಡಗೋಲು, ಈಳಿಗೆ, ಕೊಡಲಿ, ಮಿಕ್ಸರು, ಹೊಲಿಗೆ ಮಷಿನ್ನು ಎಲ್ಲ ತೊಳೆದು ಒರೆಸಿ ಸಾಲಾಗಿ ಇಟ್ಟೆ. ಕೊನೆಗೆ ಸೈಕಲ್ಲು.

ನಮ್ಮಪ್ಪ ಈ ದಿನ ಕಬ್ಬಿಣ ಅಂತ ಇದ್ದದ್ದಕ್ಕೆಲ್ಲ ಎಣ್ಣೆ ಕಾಣಿಸದೆ ಕುಂಕುಮ ಇಡುತ್ತಿರಲಿಲ್ಲ. ಕುಂಟೆಯ ಕುಡ, ರಂಟೆ, ಬಂಡಿಯ ಅಚ್ಚು. “ಅಳೋ ಕೂಸಿಗೆ ಹಾಲು, ಅಳೋ ಕಬ್ಬಿಣಕ್ಕ ಎಣ್ಣಿ” ಅನ್ನುತ್ತಿದ್ದ. ಸೈಕಲ್ ಮುಂದೆ ಕೂತಾಗ ಅದು ನೆನಪಾಯಿತು. ವರ್ಷವೆಲ್ಲ ಇದನ್ನು ಬೈದೇ ಬೈದೆ, ಒಂದು ದಿನ ಕೈಯಿಂದ ಮುಟ್ಟಿರಲಿಲ್ಲ. ಪಾಪ, ಮಳೆಯಲ್ಲಿ ನನ್ನ ಗಂಡನನ್ನು ಹೊತ್ತು ತರುವುದು ಇದೇ ತಾನೆ.

ಹೊಲಿಗೆ ಮಷಿನ್ನಿನ ಎಣ್ಣೆ ಡಬ್ಬಿಯ ಮೂತಿ ಉದ್ದ. ಎರಡೂ ಗಾಲಿಯ ನಡುವೆ, ಸದ್ದು ಬರುವ ಜಾಗಕ್ಕೇ ಮೂತಿ ಇಟ್ಟು ಒತ್ತಿದೆ. ತಟ್ಟೆಗಳನ್ನೂ ಎಣ್ಣೆಯ ಅರಿವೆಯಿಂದ ಒರೆಸಿದೆ. ಬೆಳ್ಳಿಯ ಹಾಗೆ ಫಳಫಳ ಅಂದವು. ಜಹೀರನ ಮಡಿ ನೆನಪಾಗಿ ನಗು ಬಂತು. ಅಂಗಳದಲ್ಲಿ ತಳ್ಳಿಕೊಂಡು ಹೋಗಿ ಬ್ರೇಕು ಹಿಡಿದು ನೋಡಿದೆ. ನೆಲವೆಲ್ಲ ಒದ್ದೆ, ಆದರೂ ಚಕಾರ ಇಲ್ಲ. ಎಷ್ಟು ಹಿತ! ಅರಿಶಿನ, ಕುಂಕುಮ, ಚೆಂಡು ಹೂವು ಇಟ್ಟೆ.

ಇವರು ಬಂದು ನೋಡಿ ಬೆರಗಾದರು. “ನೀ ಇದಕ್ಕ ಪೂಜಿ ಮಾಡ್ದಿ?” ಎಂದು ಎರಡು ಸಲ ಕೇಳಿದರು. ನಾಳೆ ಗುಂಪೆಲ್ಲ ಗಜೇಂದ್ರಗಡದ ಗುಡ್ಡಕ್ಕೆ ಹೋಗುತ್ತದೆ. ಸೈಕಲ್ಲುಗಳನ್ನು ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಬುಡದವರೆಗೆ, ಅಲ್ಲಿಂದ ಹತ್ತುವುದು, ಇಳಿಯುವುದು.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ನಾಳೆ ಒಂದಿನ, ಮ್ಯಾಲ ನಿಂತು ಜಗ್ಗೂದ ಬ್ಯಾಡ್ರಿ. ಎಲ್ಲಾರ ಜೋಡಿ ಇಳೀರಿ. ಅವ್ರು ನಗತಾರ, ನನಗ ತಡಕೊಳಾಕ ಆಗೂದಿಲ್ಲ.”

ಇವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. “ಆತ ತಗೊ. ನಿನ್ನ ಮಾತ” ಅಂದರು.

ಅಕ್ಟೋಬರ್ 2, ಗುರುವಾರ

ಜಹೀರ ಬಿದ್ದಿದ್ದಾನೆ. ಇವರಲ್ಲ. ಜಹೀರ.

ಇವರನ್ನು ಗದಗಿನ ದವಾಖಾನೆಯಿಂದ ಮಧ್ಯಾಹ್ನ ಯಾರೋ ತಂದು ಬಿಟ್ಟು ಹೋದರು. ಅಂಗಿಯ ಮೇಲೆ ರಕ್ತ ಇತ್ತು, ಇವರದಲ್ಲ.

ಗುಡ್ಡದ ಮೇಲೆ ಎಲ್ಲರೂ ಇಳಿಯಲು ಸಜ್ಜಾದಾಗ ಇವರೂ ಒಂದು ಕಾಲು ಪೆಡಲಿನ ಮೇಲೆ ಇಟ್ಟರಂತೆ. ಆಮೇಲೆ ತಡೆಯಲಾರದೆ ಒಮ್ಮೆ ಬ್ರೇಕು ಹಿಡಿದು ಜಗ್ಗಿದರು. ಗಾಲಿ ಜಾರಿತು. ಹಿಡೀವಲ್ತು ಅಂದರು. ಎಲ್ಲರೂ ಹೋ ಎಂದು ನಕ್ಕರು. ಜಹೀರ ಮಾತ್ರ ನಗಲಿಲ್ಲ. “ನನ್ನ ಕೈಲೆ ಹಾಕಿದ ಬ್ರೇಕ್ ಐತ್ರಿ ಅದು. ಮಳಿ ನೀರಿಗೆ ಹಂಗನಸತೈತಿ. ಕೊಡ್ರಿ ಇಲ್ಲೆ, ನಾ ಇಳಸಿ ತೋರಸ್ತೀನಿ, ನೀವು ನಂದರ ಮ್ಯಾಲ ಬರ್ರಿ” ಎಂದು ಸೈಕಲ್ ಬದಲಿಸಿಕೊಂಡು ಹೊರಟ. ಎರಡನೇ ತಿರುವಿನಲ್ಲಿ ಕಟ್ಟೆ ಇದೆ, ಅದಕ್ಕೇ ಹೋಗಿ ಬಡಿದ. ಅಲ್ಲಿಯವರೆಗೂ ಅವನು ಬ್ರೇಕು ಹಿಡಿದೇ ಇದ್ದನಂತೆ. ಬೆರಳು ಬಿಡಿಸಬೇಕಾಯಿತಂತೆ.

ತೊಡೆ ಮುರಿದಿದೆ. ಬಲಗೈಯ ಮಣಿಕಟ್ಟು ಪುಡಿಯಾಗಿದೆ.

“ನಿನಗ ಕೊಟ್ಟ ಮಾತ ನಡಸಲಿಲ್ಲ ನೀಲಾ, ನಿಂತಬಿಟ್ಟೆ” ಎಂದು ಅಳುತ್ತಾರೆ. ನನ್ನ ಮುಂದೆ ಕೈ ಮುಗಿಯುತ್ತಾರೆ.

ಸಂಜೆ ಓಣಿಯವರೆಲ್ಲ ಬನ್ನಿ ಕೊಡಲು ಬಂದರು. “ಬನ್ನಿ ತಗೊಂಡು ಬಂಗಾರದಂಗ ಇರೂಣು” ಅಂದರು. ನಾನೂ ಅಂದೆ.

ಅಕ್ಟೋಬರ್ 3, ಶುಕ್ರವಾರ

ಸೈಕಲ್ ತಂದು ಪಡಸಾಲೆಯಲ್ಲಿ ಒರಗಿಸಿ ಹೋದರು. ಮುಂದಿನ ಗಾಲಿ ಸೊಟ್ಟಗಾಗಿದೆ. ತಟ್ಟೆಯ ತೂತುಗಳಲ್ಲಿ ನಾನಿಟ್ಟ ಕುಂಕುಮ ಎಣ್ಣೆಯ ಜೊತೆ ಕಲೆಸಿ ಕೂತಿತ್ತು. ಬೆರಳು ಇಟ್ಟೆ. ಜಾರಿತು. ಮತ್ತೆ ಇಟ್ಟೆ. ಮತ್ತೆ ಜಾರಿತು. ಬೆರಳ ಸುದ್ದಾ ಹಚ್ಚಬಾರ್ದ್ರಿ ಅಣ್ಣಾರ. ಮೈ ಜಿಡ್ಡೂ ತಾಗಬಾರ್ದು.

ನಾನು ಡಬ್ಬಿಯ ಮೂತಿ ಇಟ್ಟು ಒತ್ತಿದ್ದೆ.

ಅಲ್ಲಿ ಕೂತಿರಲಾಗಲಿಲ್ಲ. ಪಾತ್ರೆಯ ಸಾಬೂನು ಹಚ್ಚಿ ತಿಕ್ಕಿ ತೊಳೆದೆ. ಮೈಲಿಗೆ ಆಗಿತ್ತಲ್ಲ, ತೊಳೆಯಲೇಬೇಕಿತ್ತು. ಬೇರೆ ಕಾರಣವಿಲ್ಲ.

ಅಕ್ಟೋಬರ್ 5, ಭಾನುವಾರ

ಪೇಟೆಯಲ್ಲಿ ಒಂದೇ ಮಾತು. ತಾನು ಹಾಕಿದ ಬ್ರೇಕಿಗೆ ತಾನೇ ಬಿದ್ದ. ಕೆಲಸ ಗೊತ್ತಿಲ್ಲದೆ ಹೊಸ ಸಾಮಾನಿಗೆ ಕೈ ಹಾಕಿದ. ಜಮಾಲಸಾಬರ ಅಂಗಡಿಯ ಬಾಗಿಲು ಹಾಕಿದೆ. ರಿಪೇರಿಗೆ ಬಿಟ್ಟ ಸೈಕಲ್ಲುಗಳನ್ನು ಜನ ಹಾಗೆಯೇ ವಾಪಸ್ ಒಯ್ದರಂತೆ.

ಇವರು ಹೇಳಿದರು, ಜಹೀರ ಯಾರ ಜೊತೆಗೂ ಮಾತಾಡುತ್ತಿಲ್ಲವಂತೆ. ಇವರನ್ನು ಕಂಡು ಮಾತ್ರ, “ನೀವ ಮ್ಯಾಲ ನಿಂತದ್ದಕ್ಕ ಉಳದ್ರಿ ಅಣ್ಣಾರ. ನನ್ನ ಕೈಯಾಗ ನಿಮ್ಮ ಜೀವಾ ಹೋಗತಿತ್ತು. ಇನ್ನ ನಾ ರಿಪೇರಿ ಪಾನಾ ಮುಟ್ಟೂದಿಲ್ಲ” ಅಂದನಂತೆ.

ಇವತ್ತು ಏನೂ ಬೇಯಿಸಲಿಲ್ಲ.

ಅಕ್ಟೋಬರ್ 8, ಬುಧವಾರ

ಹೋದೆ. ಹೇಳಿದೆ.

ಬಸ್ಸಿನಲ್ಲಿ ಇವರ ಪಕ್ಕ ಕೂತು ಗದಗಿನವರೆಗೂ ಬಾಯಿ ಬರಲಿಲ್ಲ. ವಾರ್ಡಿನಲ್ಲಿ ಜಹೀರನ ತಾಯಿ ರಸೂಲಬಿ ಇದ್ದರು. “ಬಾ ಯವ್ವಾ, ಕುಂದರ” ಎಂದು ತಾವು ಕೂತಿದ್ದ ಸ್ಟೂಲ್ ನನಗೆ ಕೊಟ್ಟು, ಫ್ಲಾಸ್ಕಿನಿಂದ ಚಹಾ ಬಸಿದು ಕೈಗಿಟ್ಟರು. ಆ ಚಹಾ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ಇವರು ಔಷಧದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಜಹೀರ, ಬ್ರೇಕಿನಾಗ ಏನೂ ತಪ್ಪಿರಲಿಲ್ಲಪಾ. ಖಂಡೇಪೂಜಿ ದಿನ ನಾ ಎಣ್ಣಿ ಬಿಟ್ಟೆ. ಸಪ್ಪಳ ಆಗತೈತಂತ.”

ಅವನು ಮೇಲಿನ ಫ್ಯಾನು ನೋಡುತ್ತಿದ್ದ. “ಯಾವ ಎಣ್ಣಿ ಅಕ್ಕಾರ?”

“ಹೊಲಿಗಿ ಮಷಿನ್ನಿಂದು.”

“ಎಲ್ಲೆ ಬಿಟ್ರಿ?”

“ಎರಡೂ ಗಾಲಿಗೆ. ಪ್ಯಾಡಿನ ಸಂದ್ಯಾಗ. ತಟ್ಟೀನೂ ಒರಸಿದೆ.”

ಬೈಯುತ್ತಾನೆ ಅಂದುಕೊಂಡೆ. ಬೈಯಲಿ ಅಂತಲೇ ಹೋಗಿದ್ದೆ. ಅವನು ಕಣ್ಣು ಮುಚ್ಚಿದ. “ಅಲ್ಹಮ್ದುಲಿಲ್ಲಾ” ಎಂದು ದೇವರನ್ನು ನೆನೆದ. ಆಮೇಲೆ ಪಟ್ಟಿ ಸುತ್ತಿದ ಬಲಗೈಯನ್ನು ಎಡಗೈಯಿಂದ ನಿಧಾನಕ್ಕೆ ಎದೆಯ ಮೇಲೆ ಎಳೆದುಕೊಂಡು, “ಅಮ್ಮಾ, ಕೇಳಿದ್ಯಾ? ನನ್ನ ಕೈಯಾಗ ತಪ್ಪಿಲ್ಲ” ಎಂದು ನಕ್ಕ. ಕೂಸು ನಕ್ಕ ಹಾಗೆ ನಕ್ಕ.

ನಾನು ಆ ನಗುವನ್ನು ನೋಡಬಾರದಿತ್ತು.

ರಸೂಲಬಿ ನನ್ನ ಕೈಯಿಂದ ಚಹಾದ ಲೋಟ ತೆಗೆದುಕೊಂಡರು. ಅರ್ಧವೂ ಕುಡಿದಿರಲಿಲ್ಲ. ಹೊರಗೆ ಹೋಗಿ ಚೆಲ್ಲಿದರು. ನಾವು ಹೊರಡುವವರೆಗೂ ಒಳಗೆ ಬರಲಿಲ್ಲ. ಅವರು ಮಾಡಿದ್ದೇ ಸರಿ.

ವಾಪಸ್ ಬರುವಾಗ ಇವರು ಮುಂದಿನ ಸೀಟಿಗೆ ಹೋಗಿ ಕೂತರು. ರೋಣದಲ್ಲಿ ಇಳಿದ ಮೇಲೆ ಮನೆಗೆ ಬರದೆ ನೇರ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಿ, ಕೂತವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದರು: “ಜಹೀರನ ಕೆಲಸದಾಗ ತಪ್ಪಿರಲಿಲ್ಲ. ನಮ್ಮನ್ಯಾಗ ಬ್ರೇಕಿಗೆ ಎಣ್ಣಿ ಬಿದ್ದಿತ್ತು.” ಯಾರ ಕೈಯಿಂದ ಎಂದು ಹೇಳಲಿಲ್ಲ. ನಾನು ಹಿಂದೆಯೇ ನಿಂತಿದ್ದೆ. “ನಾನ ಹಾಕಿದ್ದೆ” ಅಂದೆ.

ಇವತ್ತು ಇವರು ಗ್ಯಾಸಿನ ಗುಂಡಿ ನೋಡಲು ಏಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಅಕ್ಟೋಬರ್ 19, ಭಾನುವಾರ

ಜಹೀರ ಮಲಗಿದಲ್ಲಿಂದಲೇ ಫೋನಿನಲ್ಲಿ ಹೇಳುತ್ತ ಹೋದ, ಇವರು ಮಾಡುತ್ತ ಹೋದರು. ಗಾಲಿ ಬೇರೆ, ತಟ್ಟೆ ಬೇರೆ, ಪ್ಯಾಡು ಬೇರೆ. ಎಣ್ಣೆ ಕುಡಿದ ಪ್ಯಾಡು ಎಷ್ಟು ತೊಳೆದರೂ ಬರುವುದಿಲ್ಲವಂತೆ. “ಗಾಡಿ ನಿಂದರಸಬ್ಯಾಡ್ರಿ ಅಣ್ಣಾರ. ನೀವ ಬಿಟ್ರ ನಾನೂ ಬಿಟ್ಟಂಗ” ಅಂದ. ಅವನ ಮಣಿಕಟ್ಟು ಮೊದಲಿನ ಹಾಗೆ ತಿರುಗುವುದೋ ಇಲ್ಲವೋ, ಡಾಕ್ಟರು ಇನ್ನೂ ಹೇಳಿಲ್ಲ.

ಜಮಾಲಸಾಬರು ಅಂಗಡಿ ತೆರೆದಿದ್ದಾರೆ. ದಾರಿಯಲ್ಲಿ ರಸೂಲಬಿ ಎದುರು ಬಂದರು, ಆಚೆ ಬದಿಗೆ ದಾಟಿ ಹೋದರು.

ಇವರು ಈಗ ಮೊದಲಿನಂತಿಲ್ಲ. ಬಾಗಿಲಿಗೆ ಚಿಲಕ ಹಾಕುವುದನ್ನು ಮರೆಯುತ್ತಾರೆ. ಕೇಳಿದರೆ, “ಎಷ್ಟ ಹಿಡದ್ರ ಏನ ನೀಲಾ” ಅನ್ನುತ್ತಾರೆ. ನಾನೇ ಎದ್ದು ಹಾಕಿ ಬರುತ್ತೇನೆ.

ಅಕ್ಟೋಬರ್ 26, ಭಾನುವಾರ

ಬೆಳಿಗ್ಗೆ ಬರೆಯುವ ರೂಢಿಯಿಲ್ಲ, ಕೈ ಸುಮ್ಮನಿರುತ್ತಿಲ್ಲ ಅಂತ ಕೂತಿದ್ದೇನೆ. ಮತ್ತೆ ಮಳೆ. ಇವರು ನಸುಕಿನಲ್ಲೇ ಗಜೇಂದ್ರಗಡದ ಕಡೆ ಹೋದರು, ಒಬ್ಬರೇ. ಹೊರಡುವಾಗ ಕೈ ಹಿಡಿದು, “ಮ್ಯಾಲ ನಿಂದರ್ರಿ. ಜಗ್ಗಿ ನೋಡ್ರಿ. ಎರಡ ಸಲ ಜಗ್ಗಿ ನೋಡ್ರಿ” ಅಂದೆ. ಕೈ ಬಿಡಿಸಿಕೊಂಡು ಸೈಕಲ್ ಹತ್ತಿ ಹೋದರು.

ಬರುವ ಹೊತ್ತು ದಾಟಿದೆ. ಗ್ಯಾಸಿನ ಗುಂಡಿ ನೋಡಿ ಬಂದೆ, ಬಂದ್ ಇತ್ತು. ಹಿತ್ತಿಲ ಚಿಲಕ ನೋಡಿದೆ. ಮತ್ತೊಮ್ಮೆ ಗ್ಯಾಸು ನೋಡಿದೆ. ಫೋನು ಮಾಡಿದರೆ ರಿಂಗಾಗುತ್ತದೆ, ಎತ್ತುತ್ತಿಲ್ಲ. ಮಳೆಯ ಸದ್ದು ಬಿಟ್ಟರೆ ಓಣಿಯಲ್ಲಿ ಬೇರೆ ಸದ್ದಿಲ್ಲ. ಹಿತ ಅಂದಿದ್ದೆ ನಾನು ಇದನ್ನು.

ಮಾನವ್ವ ಗೋಡೆಯ ಮೇಲೆ ಮುಖ ಹಾಕಿ, “ಇನ್ನೂ ಬರಲಿಲ್ಲೇನವಾ?” ಎಂದು ಕೇಳಿದಳು. ಇಲ್ಲ ಅಂದೆ. ಅವಳೂ ಒಳಗೆ ಹೋಗದೆ ಅಲ್ಲೇ ನಿಂತಿದ್ದಾಳೆ, ಸೆರಗು ತಲೆಯ ಮೇಲೆ ಎಳೆದುಕೊಂಡು, ಮಳೆಯಲ್ಲಿ, ಮೂಲೆಯ ಕಡೆ ನೋಡುತ್ತ.

ಈಗ ಅವಳ ಮನೆಯಲ್ಲಿ ಕೂಸು ಎದ್ದು ಅಳುತ್ತಿದೆ. ಗಟ್ಟಿಯಾಗಿ ಅಳುತ್ತಿದೆ. ಕೂಸು ಎದ್ದರೆ ಇವರು ಬಂದ ಲೆಕ್ಕ. ಏಳಬೇಕು, ಚಹಾಕ್ಕೆ ಇಡಬೇಕು.